ಬೆರೆನಿಸ್ ರಾಣಿಯ ಕೇಶಪಾಶ

ಸಪ್ತರ್ಷಿಮಂಡಲವನ್ನೂ, ಮದುವೆಯ ದಿನ ಅದರೊಳಗೆ ತೋರಿಸುವ ಅರುಂಧತಿಯನ್ನೂ ಹೆಸರಿನಿಂದಲಾದರೂ ಅರಿಯದ ಹೆಣ್ಣುಮಕ್ಕಳು ನಮ್ಮ ಸೀಮೆಯಲ್ಲಿ ವಿರಳ. ಆದರೆ ಆ ಸಪ್ತರ್ಷಿಗಳ ತೆಂಕಣಕ್ಕೆ, ಒಬ್ಬ ಸ್ತ್ರೀಯ ಮುಡಿಯ ಹೆಸರನ್ನೇ ಧರಿಸಿರುವ ಚಿಕ್ಕದೂ ಮಸುಕಾದುದೂ ಆದ ನಕ್ಷತ್ರಪುಂಜವೊಂದು ಉಂಟೆಂಬುದನ್ನು ಬಲ್ಲವರು ಕೆಲವರೇ. ಖಗೋಳಜ್ಞರು ಇದನ್ನು ಕೋಮಾ ಬೆರೆನಿಸಿಸ್, ಅಂದರೆ ಬೆರೆನಿಸಳ ಕೇಶ, ಎಂದು ಕರೆಯುವರು.

ಕ್ರಿಸ್ತಪೂರ್ವ 246ರ ಸುಮಾರಿಗೆ ಐಗುಪ್ತದ ಅರಸನಾದ ಮೂರನೆಯ ಟಾಲೆಮಿಯು ಸಿರಿಯಾ ದೇಶದ ಮೇಲೆ ದಂಡೆತ್ತಿ ಹೋದನು. ಪತಿಯು ಕ್ಷೇಮದಿಂದ ಮರಳಿದರೆ ತನ್ನ ಮುಡಿಯನ್ನು ಅರ್ಪಿಸುವೆನೆಂದು ರಾಣಿ ಬೆರೆನಿಸಳು ಹರಕೆ ಹೊತ್ತು, ಅವನು ಬಂದ ಮೇಲೆ ಅದನ್ನು ಕತ್ತರಿಸಿ ದೇವಾಲಯದಲ್ಲಿ ಇರಿಸಿದಳು. ಅದು ಅಲ್ಲಿಂದ ಕಾಣೆಯಾಗಲು, ಆಸ್ಥಾನದ ಖಗೋಳಜ್ಞನಾದ ಕೊನಾನನು ಈ ಚುಕ್ಕೆಗಳನ್ನು ತೋರಿಸಿ, ಮುಡಿಯು ಆಕಾಶಕ್ಕೇರಿತೆಂದು ಹೇಳಿದನೆಂದು ಕಥೆ. ಬಹುಕಾಲ ಇವನ್ನು ಸಿಂಹದ ಬಾಲದ ಕುಚ್ಚೆಂದು ಎಣಿಸುತ್ತಿದ್ದರು. 1602ರಲ್ಲಿ ಪ್ರಕಟವಾದ ಟೈಕೋ ಬ್ರಾಹೆಯ ಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವು ದೊರೆಯಿತು. ಈಗ ಇದು ಆಕಾಶದ 88 ಪುಂಜಗಳಲ್ಲಿ ಒಂದು.

ಮೇ ತಿಂಗಳ ಕೃಷ್ಣಪಕ್ಷದ ಕೊನೆಯ ದಿನಗಳಲ್ಲಿ, ರಾತ್ರಿ 10 ಗಂಟೆಯ ಸುಮಾರಿಗೆ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಇದು ನೆತ್ತಿಯಿಂದ ತುಸುವೇ ಬಡಗಣಕ್ಕೆ ಇರುವುದು. ನಮ್ಮ ಒಕ್ಕಲಿಗರು ಮಳೆಗಳ ಹೆಸರಿನಿಂದ ಬಲ್ಲ ಉತ್ತರೆ ಮತ್ತು ಸ್ವಾತಿ ಎಂಬೆರಡು ನಕ್ಷತ್ರಗಳನ್ನು ಮೊದಲು ಗುರುತಿಸಿಕೊಳ್ಳಿರಿ. ಅವೆರಡರ ನಡುವೆ, ಉತ್ತರೆಗೆ ಸಮೀಪವಾಗಿ, ಬಡಗಣ ಮಗ್ಗುಲಿಗೆ ಚದರಿದ ಎಳೆಗಳಂತೆ ಸಣ್ಣ ಚುಕ್ಕೆಗಳು ತೋರುವವು. ನೆಟ್ಟ ದೃಷ್ಟಿಗೆ ಇವು ಮರೆಯಾಗುವವು. ನೋಟವನ್ನು ತುಸು ಪಕ್ಕಕ್ಕೆ ಸರಿಸಿದರೆ ಕಾಣುವವು. ಕಣ್ಣಿನ ನಟ್ಟನಡುವಿಗಿಂತ ಅದರ ಸುತ್ತಲಿನ ಭಾಗವೇ ಮಂದ ಬೆಳಕನ್ನು ಚೆನ್ನಾಗಿ ಗ್ರಹಿಸುವುದೇ ಇದಕ್ಕೆ ಕಾರಣ.

ಈ ಚುಕ್ಕೆಗಳ ಗುಂಪು ನಮ್ಮಿಂದ ಸುಮಾರು 280 ಜ್ಯೋತಿರ್ವರ್ಷ ದೂರದಲ್ಲಿದೆ. 1786ರಲ್ಲಿ ಟಿಪ್ಪು ಸುಲ್ತಾನನು ಕೊಪ್ಪಳದ ಕೋಟೆಯನ್ನು ಹಿಡಿಯುವುದಕ್ಕೆ ಎಷ್ಟೋ ವರ್ಷ ಮುಂಚೆ ಹೊರಟ ಬೆಳಕು ಈಗ ನಮ್ಮ ಕಣ್ಣನ್ನು ಸೇರುತ್ತಿದೆ. ಅದೇ ದಿಕ್ಕಿನಲ್ಲಿ, ಸುಮಾರು 32 ಕೋಟಿ ಜ್ಯೋತಿರ್ವರ್ಷಗಳಾಚೆ, ಸಾವಿರಕ್ಕೂ ಹೆಚ್ಚು ಗೆಲಾಕ್ಸಿಗಳ ಸಮೂಹವೊಂದು ದೂರದರ್ಶಕಕ್ಕೆ ಗೋಚರಿಸುವುದು. ಅವುಗಳ ವೇಗವನ್ನು 1933ರಲ್ಲಿ ಪರಿಶೀಲಿಸಿದ ಫ್ರಿಟ್ಸ್ ಜ್ವಿಕಿಯು, ಕಾಣುವ ದ್ರವ್ಯದ ಆಕರ್ಷಣೆಯೊಂದೇ ಅವನ್ನು ಒಟ್ಟಾಗಿ ಹಿಡಿದಿಡಲಾರದು, ಕಾಣದ ದ್ರವ್ಯವೂ ಇರಬೇಕೆಂದು ತರ್ಕಿಸಿದನು. ಆ ದ್ರವ್ಯದ ಸ್ವರೂಪವು ಇಂದಿಗೂ ಬಗೆಹರಿದಿಲ್ಲ. ಮುಂದೆ ಅದನ್ನು ಅರಸುವವರಲ್ಲಿ ನಮ್ಮ ಶಾಲೆಯ ಹುಡುಗಿಯೊಬ್ಬಳು ಏಕೆ ಇರಬಾರದು?

ದೀಪಗಳು ಹೆಚ್ಚಿದ ಊರಿನಲ್ಲಿ ಮೊದಲು ಅಳಿಸಿಹೋಗುವುದು ಇಂತಹ ಮಸುಕು ಪುಂಜವೇ. ಆದುದರಿಂದ ಪೋಷಕರಲ್ಲಿಯೂ, ಈಗ ತಾಯಂದಿರಾಗಿರುವ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನನ್ನದೊಂದು ಬಿನ್ನಹ. ಹೆಣ್ಣುಮಕ್ಕಳನ್ನು ಕತ್ತಲೆಗೆ ಅಂಜಿಸಿ ಒಳಗೆ ಕೂಡಿಸಬೇಡಿರಿ. ಬೇಸಿಗೆಯ ಒಂದು ರಾತ್ರಿ, ಅರ್ಧ ಗಂಟೆ ದೀಪಗಳನ್ನಾರಿಸಿ, ಅವರೊಡನೆ ನೀವೂ ಮಾಳಿಗೆಯನ್ನು ಹತ್ತಿರಿ.