ತಂತಿ, ಗೂಡು, ಅರಗು: ಕ್ಲೋಸ್‌ಪೇಟೆ ಸೀಮೆಯ ಕಸುಬುದಾರರು

1800ರ ಬೇಸಿಗೆಯಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಚನ್ನಪಟ್ಟಣಕ್ಕೆ ಬಂದ. ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಿದ್ದು ಒಂದು ವರ್ಷವಾಗಿತ್ತಷ್ಟೆ. ಗೆದ್ದ ನಾಡಿನಲ್ಲಿ ಏನು ಬೆಳೆಯುತ್ತದೆ, ಯಾರು ಏನು ಕಸುಬು ಮಾಡುತ್ತಾರೆ, ಅದರಿಂದ ಕಂಪನಿಗೆ ಏನು ದಕ್ಕೀತು ಎಂದು ತಿಳಿದು ಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಕಳುಹಿಸಿದ್ದ. ಚನ್ನಪಟ್ಟಣದಲ್ಲಿ ಅವನು ಕಂಡದ್ದು ಮೂರು ಸೋಜಿಗಗಳನ್ನು. ಮೊದಲನೆಯದು ಗಾಜಿನ ಕುಲುಮೆ. ಎರಡನೆಯದು ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿ. ಇಲ್ಲಿಂದ ಅದು ದೂರದೂರದ ಊರುಗಳಿಗೆ ಹೋಗುತ್ತಿತ್ತು. ಮೂರನೆಯದು ಒಂದೇ ಮನೆತನದವರು ಗುಟ್ಟು ಬಿಡದೆ ಕಾಯ್ದುಕೊಂಡಿದ್ದ ಬಿಳಿ ಸಕ್ಕರೆಯ ವಿದ್ಯೆ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಇವೆಲ್ಲ ದಾಖಲಾಗಿವೆ.

ನನಗೆ ಹೆಚ್ಚು ಕಾಡುವುದು ಆ ತಂತಿ. ವೀಣೆ ನುಡಿಸಿದವರ ಹೆಸರು ಅರಮನೆಯ ಲೆಕ್ಕಪತ್ರಗಳಲ್ಲಿ ಉಳಿದಿರುತ್ತದೆ, ತಂತಿ ಎಳೆದವರದ್ದು ಉಳಿಯುವುದಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ವಸಾಹತುಕಾಲದ ಚರಿತ್ರೆ ಹೇಳಬೇಕಾದರೆ ಇಂಥ ಕಸುಬುದಾರರಿಂದಲೇ ಆರಂಭಿಸಬೇಕು ಎನ್ನುವುದು ನನ್ನ ನಂಬಿಕೆ. ನಾವು ಕೋಟೆಯಿಂದ ಆರಂಭಿಸಿ ರೆಸಿಡೆಂಟರ ಪಟ್ಟಿಯಲ್ಲಿ ಮುಗಿಸಿಬಿಡುತ್ತೇವೆ.

ಬುಕಾನನ್ ಬರುವ ಹೊತ್ತಿಗೆ ಈ ಸೀಮೆ ಯುದ್ಧದಲ್ಲಿ ಬಳಲಿತ್ತು. 1791ರ ಡಿಸೆಂಬರಿನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಸಾವನದುರ್ಗದ ಬೆಟ್ಟದ ಕೋಟೆಯನ್ನು ತೋಪುಗಳಿಂದ ಒಡೆದು 21ನೇ ತಾರೀಕು ಹತ್ತಿತು. ರಾಮಗಿರಿಯ ಕೋಟೆಯೂ ಅದರ ಬೆನ್ನಿಗೇ ಕೈಬಿಟ್ಟುಹೋಯಿತು. ಆ ಬಂಡೆಗಳ ಚಿತ್ರ ಬರೆದುಕೊಂಡು ಹೋದ ರಾಬರ್ಟ್ ಹೋಮ್‌ನಂಥ ಕಲಾವಿದರು ಅವನ್ನು ಲಂಡನ್ನಿನ ದಿವಾನಖಾನೆಗಳಿಗೆ ಮುಟ್ಟಿಸಿದರು. ಇತ್ತ ಕಾನಕಾನಹಳ್ಳಿ, ಅಂದರೆ ಇಂದಿನ ಕನಕಪುರ, ಶತ್ರುಸೈನ್ಯಕ್ಕೆ ಕಾಳುಕಡ್ಡಿ ಸಿಗದಿರಲೆಂದು ಟಿಪ್ಪುವಿನ ಕಡೆಯಿಂದಲೇ ಎರಡು ಸಲ ಹಾಳಾಯಿತು. ಎರಡು ಪಡೆಗಳ ನಡುವೆ ಸಿಕ್ಕ ರೈತನ ಪಾಡು ಯಾವ ಚಿತ್ರದಲ್ಲೂ ಇಲ್ಲ.

ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಹೆದ್ದಾರಿ ಆಗ ದಟ್ಟ ಕಾಡಿನ ನಡುವೆ ಹಾಯುತ್ತಿತ್ತು. ದಾರಿಯಲ್ಲಿ ಜನವಸತಿ ಇರಲೆಂದು 1800ರಲ್ಲಿ ದಿವಾನ್ ಪೂರ್ಣಯ್ಯ ಹೊಸ ಪೇಟೆ ಕಟ್ಟಿಸಿ, ಮೈಸೂರಿನ ಮೊದಲ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿಟ್ಟರು. ಆ ಕ್ಲೋಸ್‌ಪೇಟೆಯೇ ಈಗಿನ ರಾಮನಗರ. ಊರಿನ ಹೆಸರು ಬದಲಾದರೂ ಸುಮಾರು 250 ಕೋಟಿ ವರ್ಷ ಹಳೆಯ ಇಲ್ಲಿನ ಶಿಲೆಯನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಕೆಲವೇ ವರ್ಷ ಅಧಿಕಾರದಲ್ಲಿದ್ದವನ ಹೆಸರು ಕಲ್ಲಿಗೇ ಅಂಟಿತು. ಆ ಕಲ್ಲುಗಳ ಮರೆಯಲ್ಲಿ ಗೆಡ್ಡೆಗೆಣಸು ಅಗೆದು, ಜೇನು ಇಳಿಸಿ ಬದುಕಿದ ಇರುಳಿಗ ಬುಡಕಟ್ಟಿನವರಿಗೆ ಅದೇ ಶತಮಾನದಲ್ಲಿ ಕಾಡೇ ಕೈತಪ್ಪುತ್ತ ಬಂತು. ಬ್ರಿಟಿಷ್ ಕಮಿಷನರ್ ಆಳ್ವಿಕೆಯಲ್ಲಿ, 1864ರಲ್ಲಿ ಮೈಸೂರಿಗೆ ಅರಣ್ಯ ಇಲಾಖೆ ಬಂದ ಮೇಲೆ ಸೌದೆ, ಜೇನು, ಬಿದಿರು ಒಂದೊಂದಾಗಿ ಸರ್ಕಾರದ ಸ್ವತ್ತಾದವು. ಇರುಳಿಗರ ಮಕ್ಕಳು ಇಂದಿಗೂ ಭೂಮಿಯ ಹಕ್ಕಿಗಾಗಿ ಕೇಳುತ್ತಿರುವುದಕ್ಕೆ ಬೇರು ಅಲ್ಲಿದೆ.

ಉಕ್ಕಿನ ತಂತಿ, ಸಕ್ಕರೆ, ಗಾಜು ಕ್ರಮೇಣ ಮರೆಯಾದವು. ಮಾಗಡಿ ಸೀಮೆಯ ಗಟ್ಟಿಪುರದಲ್ಲಿ ಬುಕಾನನ್ ಕಂಡಿದ್ದ ಕಬ್ಬಿಣದ ಕುಲುಮೆಗಳೂ ಆರಿದವು. ಈ ಸೀಮೆಯ ಕಸುಬುಗಳಲ್ಲಿ ರೇಷ್ಮೆ ಮತ್ತು ಅರಗಿನ ಬೊಂಬೆ ಮಾತ್ರ ಉಳಿದವು. ಯಾಕೆ? ಗುಟ್ಟಾಗಿಟ್ಟ ವಿದ್ಯೆ ಮನೆತನದೊಂದಿಗೇ ಮುಗಿಯಿತು, ಇದ್ದಿಲು ಬೇಡುವ ಕುಲುಮೆಗೆ ಹಡಗಿನಲ್ಲಿ ಬಂದ ಅಗ್ಗದ ಕಬ್ಬಿಣದ ಎದುರು ನಿಲ್ಲಲಾಗಲಿಲ್ಲ. ರೇಷ್ಮೆಯಾದರೋ ಸಾವಿರಾರು ಮನೆಗಳಲ್ಲಿ ಹರಡಿಕೊಂಡಿತ್ತು.

ಟಿಪ್ಪು ಆಸೆಪಟ್ಟು ತರಿಸಿ ಬೆಳೆಸಿದ ಈ ಬೆಳೆ ಅವನ ನಂತರವೂ ನಿಂತದ್ದು ಹೆಂಗಸರ ದುಡಿಮೆಯಿಂದ. ಗೇಣುದ್ದದ ಜಾಗದಲ್ಲೂ ಹುಳು ಸಾಕಬಹುದು. ಆದರೆ ಹಿಪ್ಪುನೇರಳೆ ಸೊಪ್ಪನ್ನು ಹೊತ್ತುಹೊತ್ತಿಗೆ ಹಾಕಬೇಕು, ರಾತ್ರಿಯೂ ಏಳಬೇಕು. ನಾಲ್ಕು ಜ್ವರ, ಅಂದರೆ ಹುಳು ಪೊರೆ ಕಳಚುವ ಸರದಿ, ದಾಟಿಸಿ, ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ತನಕ ಮನೆಯ ನಿದ್ದೆಯೆಲ್ಲ ಹುಳುವಿನ ಲೆಕ್ಕಕ್ಕೆ. ಒಕ್ಕಲಿಗರ ಮನೆಯಲ್ಲಿ ಗೂಡಾದದ್ದು ಪೇಟೆಯ ಮುಸಲ್ಮಾನರ ಕೈಗೆ ಬಂದು, ಬಿಸಿನೀರಿನ ಬಾಣಲೆಯಲ್ಲಿ ಬೆಂದು, ಚರಕದ ಮೇಲೆ ನೂಲಾಗುತ್ತಿತ್ತು. ಒಬ್ಬರಿಲ್ಲದೆ ಇನ್ನೊಬ್ಬರ ಒಲೆ ಉರಿಯದ ಈ ಹೊಂದಾಣಿಕೆಯನ್ನು ಯಾವ ಸರ್ಕಾರವೂ ಕಟ್ಟಿಕೊಟ್ಟದ್ದಲ್ಲ.

ಹತ್ತೊಂಬತ್ತನೆಯ ಶತಮಾನದ ನಡುವೆ ಯುರೋಪಿನ ಹುಳುಮನೆಗಳನ್ನು ಬರಿದು ಮಾಡಿದ ರೋಗದ ಭೀತಿ ಮೈಸೂರನ್ನೂ ಮುಟ್ಟಿತು. ಡಿ ವೆಚ್ಚಿ ಎಂಬ ಇಟಲಿಯವನು 1866ರಲ್ಲಿ ಕೆಂಗೇರಿಯಲ್ಲಿ ಉಗಿಯಂತ್ರದ ನೂಲು ಬಿಚ್ಚುವ ಕಾರ್ಖಾನೆ ತೆರೆದ, ಜಪಾನಿನಿಂದ ಮೊಟ್ಟೆ ತರಿಸಿದ. ಅವನ ಸಾಹಸ ಬಹುಕಾಲ ಬಾಳಲಿಲ್ಲ. ಹತ್ತು ವರ್ಷದಲ್ಲಿ 1876-78ರ ಧಾತು ಈಶ್ವರ ಬರ ಬಂತು. 1871ರಲ್ಲಿ 50 ಲಕ್ಷ ಮೀರಿದ್ದ ಮೈಸೂರಿನ ಜನಸಂಖ್ಯೆ 1881ರ ಎಣಿಕೆಯಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಬೆಂಗಳೂರು-ಮೈಸೂರು ರೈಲುದಾರಿಯ ಮಣ್ಣು ಹೊತ್ತವರು ಆ ಬರದ ಕಾಮಗಾರಿಯ ಹಸಿದ ಜನ. 1881ರಲ್ಲಿ ರೈಲು ಚನ್ನಪಟ್ಟಣ ಮುಟ್ಟಿತು. ಆ ದಾರಿಯಲ್ಲಿ ಓಡಾಡುವ ನಮಗೆ ಅವರ ನೆನಪು ಇರಲೇಬೇಕು.

ರೇಷ್ಮೆಗೆ ಮತ್ತೆ ಚೇತರಿಕೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞನನ್ನು ಸಂಸ್ಥಾನ ಕರೆಸಿಕೊಂಡಿತು. ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಫಾರಂ ನೆಲೆಗೊಂಡಿತು. ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಪೆಬ್ರಿನ್ ರೋಗದ ಕಣ ಕಂಡರೆ ಅದರ ಮೊಟ್ಟೆಯನ್ನೆಲ್ಲ ಸುಟ್ಟುಹಾಕುವ ಪಾಶ್ಚರನ ವಿಧಾನ ಹೀಗೆ ರೈತರ ಅಂಗಳದ ಹತ್ತಿರಕ್ಕೆ ಬಂತು. ಆಮೇಲೆ ಯೋನೆಮುರಾ ಎಂಬ ಜಪಾನಿ ತಜ್ಞ ಬಂದ. ಗಟ್ಟಿಮುಟ್ಟಾದ ಮೈಸೂರು ತಳಿಯನ್ನು ಜಪಾನಿನ ತಳಿಯೊಂದಿಗೆ ಕೂಡಿಸಿದ ಮಿಶ್ರತಳಿ ಹೆಚ್ಚು ನೂಲು ಕೊಟ್ಟಿತು. ಸಂಸ್ಥಾನದ ರೇಷ್ಮೆ ಇಲಾಖೆಯನ್ನು ನಡೆಸಿದವರಲ್ಲಿ ದೊಡ್ಡ ಹೆಸರು ನವರತ್ನ ರಾಮರಾಯರದು. ರಾಜಾಜಿಯವರ ಸೆಂಟ್ರಲ್ ಕಾಲೇಜಿನ ಗೆಳೆಯ, 'ಕೆಲವು ನೆನಪುಗಳು' ಬರೆದವರು. ಅಮಲ್ದಾರರಾಗಿ ಹಳ್ಳಿಯವರ ಮಾತನ್ನು ಕಿವಿಗೊಟ್ಟು ಕೇಳಿದ ಅವರು ಈ ಇಲಾಖೆಗೆ ಬಂದದ್ದು ಈ ನಾಡಿನ ಪುಣ್ಯ.

ಬೊಂಬೆಯ ಕಥೆಯಲ್ಲೂ ಜಪಾನ್ ಇದೆ. ಚನ್ನಪಟ್ಟಣದ ಬಾವಾಸ್ ಮಿಯಾನ್ ಜಪಾನಿನ ಬೊಂಬೆ ತಯಾರಿಕೆಯ ತಂತ್ರವನ್ನು ಇಲ್ಲಿನ ಕುಶಲಕರ್ಮಿಗಳಿಗೆ ಕಲಿಸಿದರೆಂದು ಊರು ಅವರನ್ನು ಈ ಕಲೆಯ ಪಿತಾಮಹನೆಂದು ಗೌರವಿಸುತ್ತದೆ. ಅದು ಸಲ್ಲಬೇಕಾದ ಗೌರವ. ಕಲಿತದ್ದನ್ನು ಹಂಚಿದ್ದರಿಂದಲೇ ಈ ವಿದ್ಯೆ ಬದುಕಿತು, ಸಕ್ಕರೆಯ ಮನೆತನಕ್ಕೆ ಆ ಭಾಗ್ಯ ಬರಲಿಲ್ಲ. ಕೆಲಸ ನೋಡಲು ಸರಳ. ಹಾಲೆಮರದ ಬಿಳಿ ತುಂಡನ್ನು ತಿಂಗಳುಗಟ್ಟಲೆ ಒಣಗಿಸಿ, ಪಟ್ಟಡಿ ಎಂಬ ತಿರುಗಣೆಯಲ್ಲಿ ತಿರುಗಿಸಿ ಉಳಿಯಿಂದ ಕೆತ್ತುತ್ತಾರೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮೈಗೆ ಹಿಡಿಯುತ್ತದೆ. ಕೊನೆಗೆ ತಾಳೆಗರಿಯಲ್ಲಿ ಒರೆಸಿದಾಗ ಹೊಳಪು ಏಳುತ್ತದೆ. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎನ್ನುವುದು ಕೈಗೆ ಮಾತ್ರ ಗೊತ್ತು. ಮಗು ಬಾಯಿಗಿಟ್ಟರೂ ಭಯವಿಲ್ಲದ ಆಟಿಕೆ ಎಂದು ಈಗ ಜಗತ್ತು ಹೊಗಳುವ ಗುಣ ಈ ಅರಗಿನದು.

ಇದೇ ಹಳ್ಳಿಗಳಿಂದ ಆಗ ಬೇರೆ ಬಗೆಯ ಮಕ್ಕಳೂ ಹೊರಟರು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿದ ಹುಡುಗ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳಾದರು. ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಹುಟ್ಟಿದ ಕೆಂಗಲ್ ಹನುಮಂತಯ್ಯ ವಕೀಲರಾಗಿ, ಸತ್ಯಾಗ್ರಹಿಯಾಗಿ ಜೈಲು ಕಂಡು, ಸಂವಿಧಾನ ಸಭೆಯಲ್ಲಿ ಕೂತರು. ಕನಕಪುರದಲ್ಲಿ ಎಸ್. ಕರಿಯಪ್ಪನವರು ಗಾಂಧಿಯ ದಾರಿ ಹಿಡಿದು ಹಳ್ಳಿಯ ಮಕ್ಕಳಿಗೆ ಶಾಲೆ ಕಟ್ಟಿದರು.

1930ರ ದಶಕದಲ್ಲಿ ಚನ್ನಪಟ್ಟಣಕ್ಕೆ ಸ್ಪನ್ ಸಿಲ್ಕ್ ಮಿಲ್ ಬಂತು, ಚರಕದ ಕಸದಿಂದಲೂ ನೂಲು ತೆಗೆಯುವ ಗಿರಣಿ. ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಕಣಕ್ಕಿಳಿದು ಅಲ್ಲಿನ ರೇಷ್ಮೆ ನಿಂತಾಗ ಬ್ರಿಟಿಷರ ಪ್ಯಾರಾಚೂಟುಗಳಿಗೆ ಮೈಸೂರು ರೇಷ್ಮೆ ಬೇಕಾಯಿತು. ಗೂಡಿಗೆ ಬೆಲೆ ಏರಿತು, ಹಿಪ್ಪುನೇರಳೆ ತೋಟ ಹೆಚ್ಚಿದವು. ಯುದ್ಧ ಮುಗಿದ ಮೇಲೆ ಪೇಟೆ ತಿರುಗಿ ಕುಸಿದಾಗ ಅದನ್ನು ಕೇಳುವವರು ಯಾರು ಎಂಬ ಪ್ರಶ್ನೆಯನ್ನು ಹಿಂದೆ ಕಂಪನಿಯನ್ನೂ ರೆಸಿಡೆಂಟನನ್ನೂ ಕೇಳುವಂತಿರಲಿಲ್ಲ. ಸ್ವತಂತ್ರ ಸರ್ಕಾರವನ್ನು ಕೇಳಬಹುದಿತ್ತು. 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಆರಂಭವಾಯಿತು.