ಮೇ 31ರ ಲೆಕ್ಕ

2019ರ ಮಾರ್ಚ್ 17, ಮುಂಬೈಯಲ್ಲಿ ಫುಟ್‌ಬಾಲ್‌ನ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್. ಎಫ್‌ಸಿ ಗೋವಾ ಎದುರು ಹೆಚ್ಚುವರಿ ಸಮಯವೂ ಮುಗಿಯುತ್ತ ಬಂದಾಗ ರಾಹುಲ್ ಭೆಕೆ ಹೆಡರ್‌ನಿಂದ ಗೋಲು ಹೊಡೆದು ಬೆಂಗಳೂರು ಎಫ್‌ಸಿಗೆ ಕಪ್ ತಂದುಕೊಟ್ಟರು. 2021ರಲ್ಲಿ ಅದೇ ಭೆಕೆ ಮುಂಬೈ ಸಿಟಿ ಸೇರಿದರು. 2024ರಲ್ಲಿ ಮತ್ತೆ ಬೆಂಗಳೂರಿಗೆ ಬಂದರು. ಇಂಥ ಓಡಾಟವನ್ನು ನಡೆಸುವ ನಿಯಮಗಳು ಮುಖ್ಯವಾಗಿ ಎರಡು. ಒಪ್ಪಂದ ಮುಗಿದ ಆಟಗಾರ ಯಾರ ಹಂಗಿನಲ್ಲೂ ಇಲ್ಲ ಎಂಬುದು ಒಂದು. ತಂಡ ಹಂಚುವ ಒಟ್ಟು ಸಂಬಳಕ್ಕೆ ಮಿತಿ ಉಂಟು ಎಂಬುದು ಇನ್ನೊಂದು.

ಮೊದಲನೆಯದು ಬೆಲ್ಜಿಯಂನ ಆಟಗಾರ ಜಾನ್ ಮಾರ್ಕ್ ಬೋಸ್ಮನ್ ಹೋರಾಡಿ ಗಳಿಸಿದ್ದು. ಒಪ್ಪಂದ ಮುಗಿದಿದ್ದರೂ ಆತನ ಕ್ಲಬ್ ಹಣ ಕೇಳಿ ಬೇರೆಡೆ ಹೋಗಲು ಬಿಟ್ಟಿರಲಿಲ್ಲ. 1995ರ ಡಿಸೆಂಬರ್ 15ರಂದು ಐರೋಪ್ಯ ನ್ಯಾಯಾಲಯ ಅದು ತಪ್ಪೆಂದಿತು. ಈಗ ಫಿಫಾ ನಿಯಮದಂತೆ ಒಪ್ಪಂದದ ಕೊನೆಯ ಆರು ತಿಂಗಳಲ್ಲಿ ಆಟಗಾರ ಇನ್ನೊಂದು ಕ್ಲಬ್ಬಿಗೆ ಸಹಿ ಹಾಕಬಹುದು. ನಮ್ಮಲ್ಲಿ ಬಹುಪಾಲು ಒಪ್ಪಂದಗಳು ಮೇ 31ಕ್ಕೆ ತೀರುತ್ತವೆ. ಹಾಗಾಗಿ ಡಿಸೆಂಬರ್ ಬಂತೆಂದರೆ ಕ್ಲಬ್ ಮ್ಯಾನೇಜರುಗಳಿಗೆ ನಿದ್ದೆ ಕಡಿಮೆ.

ಅವಧಿಗೆ ಮೊದಲೇ ಹೊರಟರೆ ಕಥೆಯೇ ಬೇರೆ. 2024ರಲ್ಲಿ ಡಿಫೆಂಡರ್ ಅನ್ವರ್ ಅಲಿ ಮೋಹನ್ ಬಗಾನ್ ಬಿಟ್ಟು ಈಸ್ಟ್ ಬೆಂಗಾಲ್ ಸೇರಿದಾಗ, ಮೋಹನ್ ಬಗಾನ್‌ಗೆ ₹12.90 ಕೋಟಿ ಪರಿಹಾರ ಕೊಡಬೇಕೆಂದು ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿನ ಸಮಿತಿ ಹೇಳಿತು. ಪ್ರಕರಣ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು.

ಸಂಬಳದ ಮಿತಿ ಅಮೆರಿಕದಿಂದ ಬಂದದ್ದು. ಅಲ್ಲಿನ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ 1994ರಲ್ಲಿ ಅದನ್ನು ಜಾರಿಗೆ ತಂದಿತು. 2025ರಲ್ಲಿ ಒಂದು ತಂಡಕ್ಕೆ 27.92 ಕೋಟಿ ಡಾಲರ್. ಐಎಸ್‌ಎಲ್‌ನಲ್ಲಿ 2020–21ರ ಹೊತ್ತಿಗೆ ಮಿತಿ ₹16.5 ಕೋಟಿ. ಅನ್ವರ್ ಪ್ರಕರಣದ ಪರಿಹಾರವೊಂದೇ ಇದರ ಮುಕ್ಕಾಲು ಪಾಲಿಗಿಂತ ಹೆಚ್ಚು!

ಅಕ್ಕಿರಾಂಪುರದ ಕುರಿಸಂತೆಗೆ ಎಣಿಸಿಟ್ಟ ದುಡ್ಡು ಹಿಡಿದು ಹೋದವರಿಗೆ ಈ ಲೆಕ್ಕ ಹೊಸದಲ್ಲ: ಬಲಿತ ಟಗರೊಂದಕ್ಕೇ ಗಂಟು ಬಿಚ್ಚಿದರೆ ಮರಿಗಳಿಗೆ ಉಳಿಯುವುದಿಲ್ಲ. ಹಣಕ್ಕಷ್ಟೇ ಅಲ್ಲ, ಉಳಿಸಿಕೊಳ್ಳುವ ಆಟಗಾರರ ಸಂಖ್ಯೆಗೂ ಮಿತಿ ಬಿದ್ದದ್ದುಂಟು: 2017ರಲ್ಲಿ ಐಎಸ್‌ಎಲ್ ಸೇರುವಾಗ ಬೆಂಗಳೂರಿಗೆ ಇಬ್ಬರು ಹಿರಿಯರನ್ನಷ್ಟೇ ಉಳಿಸಿಕೊಳ್ಳುವ ಅವಕಾಶವಿತ್ತು. ಸುನಿಲ್ ಛೆಟ್ರಿ ಮತ್ತು ಉದಾಂತ ಸಿಂಗ್ ಉಳಿದರು. 21 ವರ್ಷದೊಳಗಿನವರಲ್ಲಿ ನಿಶು ಕುಮಾರ್, ಮಾಲ್ಸಾಮ್ಜುವಾಲಾ. ಅದಕ್ಕೂ ಮೊದಲು ಐ-ಲೀಗ್ ಗೆದ್ದುಕೊಟ್ಟ ಉಳಿದವರಲ್ಲಿ ಹಲವರು ಚೆದುರಿದರು. ಭೆಕೆ ಬೆಂಗಳೂರಿಗೆ ಮೊದಲು ಬಂದದ್ದು ಆ ವರ್ಷದ ಜುಲೈ 23ರಂದು ಕ್ಲಬ್ಬುಗಳು ಸರದಿಯಂತೆ ಆಟಗಾರರನ್ನು ಆರಿಸಿಕೊಂಡ ಡ್ರಾಫ್ಟ್‌ನಲ್ಲಿಯೇ.

ಒಪ್ಪಂದ ಮುಗಿಸಿ ಬಂದ ಆಟಗಾರನಿಗೆ ಹಳೆಯ ಕ್ಲಬ್ಬಿಗೆ ಹಣ ಕಟ್ಟಬೇಕಿಲ್ಲ, ನಿಜ. ಆದರೆ ಪುಕ್ಕಟೆ ಎಂದುಕೊಂಡರೆ ಮೋಸಹೋದಂತೆ. ಅವನನ್ನು ಕೇಳುವ ಕ್ಲಬ್ಬುಗಳು ನಾಲ್ಕಾರಿದ್ದರೆ ಸಂಬಳ ಏರುತ್ತದೆ, ಆ ಸಂಬಳ ಮಿತಿಯೊಳಗಿನ ಜಾಗ ನುಂಗುತ್ತದೆ, ಮುಂದೊಂದು ದಿನ ಅವನೂ ಬಂದ ದಾರಿಯಲ್ಲೇ ಹೊರಡಬಹುದು.

ಬೆಂಗಳೂರು ಇದರ ಸಿಹಿ, ಕಹಿ ಎರಡನ್ನೂ ಉಂಡಿದೆ. 2022ರಲ್ಲಿ ರಾಯ್ ಕೃಷ್ಣ, ಸಂದೇಶ್ ಜಿಂಗನ್ ಎಟಿಕೆ ಮೋಹನ್ ಬಗಾನ್ ಬಿಟ್ಟು ಬಂದರು. ಸೆಪ್ಟೆಂಬರ್‌ನಲ್ಲಿ ಡ್ಯುರಾಂಡ್ ಕಪ್ ಕೈಸೇರಿತು. 2023ರ ಮಾರ್ಚ್ 18ರ ಐಎಸ್‌ಎಲ್ ಫೈನಲ್‌ನಲ್ಲಿ ಕೃಷ್ಣ ತಮ್ಮ ಹಳೆಯ ಕ್ಲಬ್ಬಿನ ವಿರುದ್ಧವೇ ಗೋಲು ಹೊಡೆದರೂ ಪೆನಾಲ್ಟಿಯಲ್ಲಿ ಕಪ್ ಕೈಜಾರಿತು. ಆ ಬೇಸಿಗೆಯಲ್ಲಿ ಕೃಷ್ಣ ಒಡಿಶಾಕ್ಕೆ, ಜಿಂಗನ್ ಗೋವಾಕ್ಕೆ ಹೊರಟರು. ಮರುವರ್ಷ ಬೆಂಗಳೂರು 12 ತಂಡಗಳಲ್ಲಿ 10ನೆಯದು.

2024ರಲ್ಲಿ ಕ್ಲಬ್ ಮತ್ತೆ ಅದೇ ಬಾಗಿಲು ತಟ್ಟಿತು. ಆಗಷ್ಟೇ ಚಾಂಪಿಯನ್ ಆಗಿದ್ದ ಮುಂಬೈ ಸಿಟಿಯಿಂದ ಭೆಕೆ ಜೊತೆಗೆ ಆಲ್ಬರ್ಟೊ ನೊಗೆರಾ, ಹೊರ್ಹೆ ಪೆರೇರಾ ಡಿಯಾಸ್ ಬಂದರು. 2025ರ ಏಪ್ರಿಲ್ 12ರ ಫೈನಲ್‌ಗೆ ತಂಡ ಮುಟ್ಟಿತು. ಮೋಹನ್ ಬಗಾನ್ ಹೆಚ್ಚುವರಿ ಸಮಯದಲ್ಲಿ 2–1ರಿಂದ ಗೆದ್ದಿತು. ಆ ಋತುವಿನಲ್ಲಿ 14 ಗೋಲು ಹೊಡೆದವರು ಹೊಸಬರಾರೂ ಅಲ್ಲ, 2017ರಲ್ಲಿ ಕ್ಲಬ್ ಉಳಿಸಿಕೊಂಡಿದ್ದ 40ರ ಛೆಟ್ರಿ.

ಹಣದ ಮಿತಿಯ ಜೊತೆ ತಲೆಲೆಕ್ಕವೂ ಉಂಟು. 2021ರಿಂದ ಅಂಗಳದಲ್ಲಿ ಒಮ್ಮೆಗೆ ನಾಲ್ವರು ವಿದೇಶಿಯರಿಗಷ್ಟೇ ಅವಕಾಶ. 2023ರಲ್ಲಿ ಪರ್ತ್ ಗ್ಲೋರಿಯಿಂದ ಬಂದ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತೀಯರಾದರು. ಕ್ಲಬ್ಬಿಗೆ ವಿದೇಶಿಯರ ಪಾಲಿನ ಒಂದು ಸ್ಥಾನ ತೆರವಾಯಿತು.

ಇಷ್ಟೆಲ್ಲ ಜಾಣ್ಮೆ ನಡೆಯುವುದು ಆದಾಯ ಬರುವವರೆಗೆ. ಫೆಡರೇಶನ್ ಹಾಗೂ ಐಎಸ್‌ಎಲ್ ನಡೆಸುವ ಕಂಪನಿಯ ನಡುವಿನ ಒಪ್ಪಂದ ನವೀಕರಣವಾಗದೆ ಲೀಗ್ ಅತಂತ್ರವಾದಾಗ, 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಹಿರಿಯರ ತಂಡದ ಆಟಗಾರರಿಗೂ ಸಿಬ್ಬಂದಿಗೂ ಸಂಬಳ ನಿಲ್ಲಿಸುವುದಾಗಿ ಪ್ರಕಟಿಸಿತು. ಇಂಥ ಹೊತ್ತಿಗೆ ಫಿಫಾದ 14ಬಿಸ್ ವಿಧಿ ಆಟಗಾರನ ಪರ ನಿಲ್ಲುತ್ತದೆ: ಅಕ್ರಮವಾಗಿ ಎರಡು ತಿಂಗಳ ಸಂಬಳ ಬಾಕಿ ಉಳಿಸಿಕೊಂಡ ಕ್ಲಬ್ಬಿಗೆ ಲಿಖಿತ ನೋಟಿಸ್ ಕೊಟ್ಟು, ಕನಿಷ್ಠ 15 ದಿನ ಕಾದು, ಆಮೇಲೂ ಹಣ ಬಾರದಿದ್ದರೆ ಅವನು ಮೇ 31ರವರೆಗೆ ಕಾಯದೆ ಒಪ್ಪಂದ ಮುರಿದುಕೊಳ್ಳಬಹುದು.