ಎಷ್ಟು ಬಿಟ್ಟಾರ?

ಆಷಾಢ ಕಳೆದು ಶ್ರಾವಣ ಹಿಡಿಯುವ ಹೊತ್ತಿಗೆ ನಮ್ಮ ಹೊಳೆಸಾಲಿನ ಊರುಗಳಲ್ಲಿ ವೃತ್ತಪತ್ರಿಕೆಯನ್ನು ಓದುವ ರೀತಿಯೇ ಬದಲಾಗಿಬಿಡುತ್ತದೆ. ಉಳಿದ ದಿನಗಳಲ್ಲಿ ಮೊದಲ ಪುಟದ ದಪ್ಪಕ್ಷರಗಳಿಂದ ಆರಂಭಿಸುವ ಜನ ಆಗ ನೇರವಾಗಿ ಒಳಪುಟಕ್ಕೆ ಕೈ ಹಾಕುತ್ತಾರೆ. ರಾಜಾಪುರ ಬ್ಯಾರೇಜಿನಿಂದ ಕೃಷ್ಣೆಗೆ ಇಷ್ಟು, ದೂಧಗಂಗೆಯಿಂದ ಇಷ್ಟು, ಕಲ್ಲೋಳದ ಬಳಿ ಒಟ್ಟು ಇಷ್ಟು ಕ್ಯುಸೆಕ್. ಕೊಯ್ನೆಯಲ್ಲಿ ಮಳೆ ಇಷ್ಟು. ಆಲಮಟ್ಟಿಯ ಒಳಹರಿವು ಇಷ್ಟು, ಹೊರಹರಿವು ಇಷ್ಟು. ಅದರ ಕೆಳಗೆ ಮುಳುಗಿದ ಸೇತುವೆಗಳ ಯಾದಿ: ಕಲ್ಲೋಳ-ಯಡೂರ, ಮಲಿಕವಾಡ-ದತ್ತವಾಡ, ಕಾರದಗಾ-ಭೋಜ. ನೀರು ಇನ್ನೂ ಏರಿದರೆ ಕುಡಚಿ-ಉಗಾರ. ಪಂಚಾಂಗದ ತಿಥಿ-ನಕ್ಷತ್ರಗಳನ್ನು ನೋಡಿದಷ್ಟೇ ಶ್ರದ್ಧೆಯಿಂದ ನಾವು ಈ ಅಂಕಿಗಳನ್ನು ನೋಡುತ್ತೇವೆ.

ನಮ್ಮ ನೆರೆಮನೆಯ ಆಯಿಗೆ ಓದು ಬಾರದು. ಬೆಳಿಗ್ಗೆ ನಾನು ಪತ್ರಿಕೆ ಬಿಡಿಸಿದ ಸದ್ದು ಕೇಳಿತೋ ಇಲ್ಲವೋ, ಕಟ್ಟೆಯ ಆಚೆಯಿಂದ ಅವಳ ಪ್ರಶ್ನೆ ಬರುತ್ತದೆ: “ಮಾಸ್ತರ, ಇವತ್ತ ಎಷ್ಟ ಬಿಟ್ಟಾರ?”

ಬಹಳ ವರ್ಷ ಈ ಪ್ರಶ್ನೆಯನ್ನು ನಾನು ಕೇಳಿಯೂ ಕೇಳಿರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದ ನನಗೆ ಅದರೊಳಗಿನ ಕರ್ತೃಪದ ಹೊಳೆದದ್ದು ತೀರ ಇತ್ತೀಚೆಗೆ. ನಾನು ಚಿಕ್ಕವನಿದ್ದಾಗ ಜನ “ಹೊಳಿ ಬಂತು” ಎನ್ನುತ್ತಿದ್ದರು. ಬರುವುದು, ಇಳಿಯುವುದು, ಮುನಿಯುವುದು ಎಲ್ಲವೂ ಹೊಳೆಯದೇ ಕ್ರಿಯೆ. ನಾವು ಉಡಿ ತುಂಬಿ ಕೈಮುಗಿಯುತ್ತಿದ್ದೆವು. ಕೊಯ್ನೆಯ ಆಣೆಕಟ್ಟು ಎದ್ದ ಮೇಲೆ, 1964ರಲ್ಲಿ ಲಾಲ ಬಹಾದೂರ ಶಾಸ್ತ್ರಿಗಳು ಅಡಿಗಲ್ಲಿಟ್ಟ ಆಲಮಟ್ಟಿ ನಾಲ್ಕು ದಶಕಗಳಲ್ಲಿ ಮೆಲ್ಲನೆ ಬೆಳೆದು ನಿಂತ ಮೇಲೆ, ವಾಕ್ಯದ ರಚನೆಯೇ ತಿರುಗಿತು. ಈಗ ಹೊಳೆ ಬರುವುದಿಲ್ಲ, ಅದನ್ನು ‘ಬಿಡುತ್ತಾರೆ’. ಹೊಳೆ ಕರ್ಮಪದವಾಗಿ, ಕರ್ತೃವು ಕಣ್ಣಿಗೆ ಕಾಣದ ಒಂದು ‘ಅವರು’ ಆಗಿದೆ. ಹೊಳೆಯನ್ನು ಯಾರೂ ಲೆಕ್ಕ ಕೇಳಲಾರರು. ಬಿಡುವವರನ್ನು ಕೇಳಬಹುದು. ಆಯಿ ದಿನವೂ ಕೇಳುತ್ತಿರುವುದು ಅದನ್ನೇ.

ಚಿಕ್ಕೋಡಿ, ರಾಯಬಾಗ, ಅಥಣಿ, ಮೊನ್ನೆಮೊನ್ನೆ ತಾಲೂಕುಗಳಾದ ನಿಪ್ಪಾಣಿ ಮತ್ತು ಕಾಗವಾಡ, ಇವಿಷ್ಟೂ ಎರಡು ದೊಡ್ಡ ಆಣೆಕಟ್ಟುಗಳ ನಡುವಿನ ಸೀಮೆ. ಮೇಲೆ 105 ಟಿಎಂಸಿ ಹಿಡಿಯುವ ಕೊಯ್ನೆ. ಕೆಳಗೆ 123 ಟಿಎಂಸಿ ಹಿಡಿಯುವ ಆಲಮಟ್ಟಿ. ಶಾಲೆಯ ಕರಿಹಲಗೆಯ ಮೇಲೆ ಈ ಲೆಕ್ಕವನ್ನು ನಾನು ಮಕ್ಕಳಿಂದ ಮಾಡಿಸುತ್ತಿದ್ದೆ. ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಒಂದು ಕ್ಯುಸೆಕ್. ನೂರು ಕೋಟಿ ಘನ ಅಡಿ ಕೂಡಿದರೆ ಒಂದು ಟಿಎಂಸಿ. 11,574 ಕ್ಯುಸೆಕ್ ನೀರು ಹಗಲಿರುಳು ಹರಿದರೆ ಒಂದು ದಿನಕ್ಕೆ ಒಂದು ಟಿಎಂಸಿ. ಎರಡು ಲಕ್ಷ ಕ್ಯುಸೆಕ್ ಹರಿಯತೊಡಗಿದರೆ? ಖಾಲಿಯಿದ್ದ ಆಲಮಟ್ಟಿ ಏಳೇ ದಿನಕ್ಕೆ ತುಂಬೀತು. ಈ ಲೆಕ್ಕ ಬಂದ ಹುಡುಗನಿಗೆ ಒಳಪುಟದ ಅಂಕಿ ಬರಿಯ ಅಂಕಿಯಾಗಿ ಉಳಿಯುವುದಿಲ್ಲ. ಎತ್ತು ಬಿಚ್ಚುವ ಹೊತ್ತು ಯಾವುದೆಂದು ಅದೇ ಹೇಳುತ್ತದೆ.

ಬೇಸಿಗೆಯಲ್ಲಿ ಇದೇ ಹೊಳೆ ಒಣಗಿ ಬಂಡೆ ತೋರಿಸುತ್ತದೆ. ಆಗ ಕೊಯ್ನೆಯಿಂದ ಒಂದೆರಡು ಟಿಎಂಸಿ ಬಿಡಿಸಿರೆಂದು ನೆರೆರಾಜ್ಯಕ್ಕೆ ಮೊರೆಹೋಗುವವರೂ ನಾವೇ. ಅಥಣಿಯ ಪೂರ್ವಭಾಗದಲ್ಲಿ ಟ್ಯಾಂಕರಿಗೆ ಕೊಡ ಸಾಲುಗಟ್ಟುತ್ತವೆ. ಆದುದರಿಂದ ಆಣೆಕಟ್ಟನ್ನು ನಾನು ಸುಮ್ಮನೆ ಹಳಿಯಲಾರೆ. ನನ್ನ ಮಕ್ಕಳ ವಿದ್ಯಾಭ್ಯಾಸ ಸಾಗಿದ್ದು ಕಬ್ಬಿನ ಬಿಲ್ಲಿನಿಂದ. ಆಲಮಟ್ಟಿಯನ್ನು 519.6 ಮೀಟರಿನಿಂದ 524.256 ಮೀಟರಿಗೆ ಎತ್ತರಿಸಲು ಬ್ರಿಜೇಶಕುಮಾರ ನ್ಯಾಯಮಂಡಳಿ 2010ರಲ್ಲಿ ಒಪ್ಪಿಗೆ ಕೊಟ್ಟಿತು. ಸಾಂಗಲಿ ಮುಳುಗುವುದು ಆಲಮಟ್ಟಿಯ ಹಿನ್ನೀರಿನಿಂದ ಎಂಬ ಕೂಗು ಅದಕ್ಕೂ ಮೊದಲೇ, 2005ರ ಮಹಾಪೂರದಿಂದಲೇ ಇದೆ. 2019ರ ಪೂರದ ತರುವಾಯ ಮಹಾರಾಷ್ಟ್ರ ಸರಕಾರವೇ ನೇಮಿಸಿದ ವಡ್ನೇರೆ ಸಮಿತಿ ಅಂಕಿಗಳನ್ನು ತೂಗಿನೋಡಿ ಆಲಮಟ್ಟಿಯನ್ನು ದೂಷಿಸಲಿಲ್ಲ. ಆದರೂ ಕೂಗು ನಿಂತಿಲ್ಲ. ಭಾಷಣಕ್ಕೆ ಸಿಗುವಷ್ಟು ಜಾಗ ಲೆಕ್ಕಕ್ಕೆ ಸಿಗುವುದಿಲ್ಲವಷ್ಟೇ.

ಆ 2019ರ ಆಗಸ್ಟ್ ತಿಂಗಳ ನಾಲ್ಕಾರು ದಿನ ನಮ್ಮೂರಿಗೆ ಪತ್ರಿಕೆ ಬರಲಿಲ್ಲ. ಯಮಗರ್ಣಿಯ ಬಳಿ ವೇದಗಂಗೆ ಹೆದ್ದಾರಿಯನ್ನೇ ಏರಿ ಕುಳಿತಿದ್ದಳು. ಪುಣೆ-ಬೆಂಗಳೂರು ಸಂಚಾರ ನಿಂತಿತ್ತು. ವಿದ್ಯುತ್ತಿಲ್ಲ. ಅಳಿದುಳಿದ ಮೊಬೈಲುಗಳಲ್ಲಿ ಸುದ್ದಿ ಹಬ್ಬಿತು: “ಕೊಯ್ನಾ ಒಡದೈತಂತ!” ರಾತ್ರೋರಾತ್ರಿ ಅರ್ಧ ಊರು ಮಡ್ಡಿ ಏರಿತು. ಬೆಳಗಾಗುವುದರೊಳಗೆ ಅದು ಸುಳ್ಳೆಂದು ತಿಳಿದು, ನಾಚಿಕೊಂಡು ನಕ್ಕು, ಜನ ದನಕರುಗಳೊಡನೆ ತಿರುಗಿ ಬಂದರು. ಮರುರಾತ್ರಿ ನಿಜವಾದ ನೀರು ಬಂತು. ಈ ಸಲ ಕೂಗಿದವರನ್ನು ಯಾರೂ ನಂಬಲಿಲ್ಲ. ಆಯಿಯ ಎರಡು ಎಮ್ಮೆಗಳು ಕಟ್ಟಿದ ಗೂಟದಲ್ಲಿಯೇ ಹೋದವು. ಆ ರಾತ್ರಿಯ ಅಂಕಿ ಎಷ್ಟಿತ್ತೆಂಬುದನ್ನು ನಾನು ಓದಿದ್ದು ವಾರದ ನಂತರ, ಗಂಜಿಕೇಂದ್ರದಲ್ಲಿ, ಯಾರೋ ಬುತ್ತಿ ಸುತ್ತಿ ತಂದ ಹಾಳೆಯಲ್ಲಿ.

ಅಂಕಿಗಳನ್ನು ಕೂಡಿಸಿ ಪತ್ರಿಕೆಗೆ ಕಳಿಸುವವನು ನನ್ನ ಹಳೆಯ ವಿದ್ಯಾರ್ಥಿ. ಅವನ ಗೌರವಧನ ಮೋಟರ್ ಸೈಕಲ್ಲಿನ ಎಣ್ಣೆಗೂ ಸಾಲದು. ಒಮ್ಮೆ ಅವನು ಹೇಳಿದ: “ಸರ್, ಹೊಳಿ ನೀರಿನ ಲೆಕ್ಕ ಕೇಳಿದರ ಸಾಹೇಬ್ರು ರಾತ್ರಿ ಹನ್ನೆರಡಕ್ಕೂ ಫೋನ್ ಎತ್ತತಾರ. ಹಳ್ಳಕ್ಕ ಬರೋ ಕರಿ ನೀರಿನ ಲೆಕ್ಕ ಕೇಳಿದರ ಹಗಲೂ ಎತ್ತೂದಿಲ್ಲ.” ನಮ್ಮ ಸೀಮೆಯಲ್ಲಿ ಸಕ್ಕರೆಯ ಕಾರ್ಖಾನೆಗಳ ಬೆನ್ನಿಗೇ ಮದ್ಯಸಾರದ ಘಟಕಗಳೂ ಎದ್ದಿವೆ. ಹೊಲಗಳು ಸವಳು-ಜವಳಾಗಿ ಬಿಳಿಯ ಉಪ್ಪು ಉಕ್ಕಿಸುತ್ತಿವೆ. ಶೇಡಬಾಳದ ಮಿರ್ಜಿ ಅಣ್ಣಾರಾಯರು ತಮ್ಮ ಕಾದಂಬರಿಗೆ ‘ನಿಸರ್ಗ’ ಎಂದು ಹೆಸರಿಟ್ಟಾಗ ‘ಪರಿಸರ’ವೆಂಬ ಮಾತು ನಮ್ಮ ಕಡೆ ಯಾರ ಬಾಯಲ್ಲೂ ಇರಲಿಲ್ಲ, ಈಗ ಮಾತಿದೆ, ಅಳತೆ ಸಿಗುವುದಿಲ್ಲ.

ಈ ಕರಿಯ ನೀರಿನ ಬಗೆಗೆ, ಸತ್ತ ಮೀನುಗಳ ಬಗೆಗೆ ನಮ್ಮ ಕಡೆಯ ಒಂದು ಸಣ್ಣ ವಾರಪತ್ರಿಕೆ ಎರಡು ಸಲ ಬರೆಯಿತು. ಯಾರೂ ಬೆದರಿಸಲಿಲ್ಲ, ಪೋಲೀಸರು ಬರಲಿಲ್ಲ. ಆ ವರ್ಷದ ದೀಪಾವಳಿಗೆ ಅದಕ್ಕೆ ಜಾಹೀರಾತು ಬರಲಿಲ್ಲ, ಯುಗಾದಿಗೂ ಬರಲಿಲ್ಲ. ಎರಡು ವರ್ಷಕ್ಕೆ ಮುದ್ರಣಾಲಯದ ಬಾಗಿಲು ಬಿತ್ತು. 1975ರಲ್ಲಿ ತುರ್ತುಪರಿಸ್ಥಿತಿ ಬಂದಾಗ ಕೆಲವು ಪತ್ರಿಕೆಗಳು ಸಂಪಾದಕೀಯದ ಸ್ಥಳವನ್ನು ಬಿಳಿಯಾಗಿಯೇ ಬಿಟ್ಟು ಅಚ್ಚು ಹಾಕಿದ್ದವು; ಏನನ್ನೋ ಅಳಿಸಿದ್ದಾರೆಂದು ಮಗುವಿಗೂ ಕಾಣುತ್ತಿತ್ತು. ಈಗ ಹೇಳದೆ ಉಳಿದ ಮಾತಿನ ಸ್ಥಳದಲ್ಲಿ ಧುರೀಣರ ಹುಟ್ಟುಹಬ್ಬದ ಶುಭಾಶಯ ಬಣ್ಣಬಣ್ಣವಾಗಿ ಮುದ್ರಿತವಾಗಿರುತ್ತದೆ. ಬಿಳಿಯ ಜಾಗವಾದರೂ ಪ್ರಾಮಾಣಿಕವಾಗಿತ್ತು.

ಹಾಗೆಂದು ಕಾನೂನು ಇಲ್ಲವೆಂದಲ್ಲ. 2006ರ ಸೆಪ್ಟೆಂಬರ್ 14ರ ಕೇಂದ್ರದ ಅಧಿಸೂಚನೆಯಂತೆ ದೊಡ್ಡ ಯೋಜನೆಯೊಂದಕ್ಕೆ ಸಾರ್ವಜನಿಕ ಆಲಿಕೆ ನಡೆಯಬೇಕು. ಕನಿಷ್ಠ ಮೂವತ್ತು ದಿನ ಮೊದಲು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿಯೂ ಪ್ರಕಟಣೆ ಬರಬೇಕು. ವರದಿಯ ಸಾರಾಂಶ ಜನರ ಭಾಷೆಯಲ್ಲಿ ಇರಬೇಕು. ಅದನ್ನು ಬದಲಿಸುವ ಕರಡು 2020ರಲ್ಲಿ ಇಂಗ್ಲಿಷ್-ಹಿಂದಿಗಳಲ್ಲಷ್ಟೇ ಹೊರಟಾಗ, ಎಂಟನೆಯ ಅನುಸೂಚಿಯ ಭಾಷೆಗಳಿಗೆಲ್ಲ ಅನುವಾದಿಸಿರೆಂದು ದಿಲ್ಲಿಯ ಉಚ್ಚ ನ್ಯಾಯಾಲಯ ಜೂನ್ 30ರಂದು ಆಜ್ಞಾಪಿಸಬೇಕಾಯಿತು. ಕನ್ನಡದಲ್ಲಿ ತಿಳಿಯುವ ಹಕ್ಕನ್ನು ನ್ಯಾಯಾಲಯದ ಮೆಟ್ಟಿಲೇರಿ ಪಡೆಯಬೇಕಾದ ಕಾಲ ಇದು.

ಅಂತಹ ಒಂದು ಪ್ರಕಟಣೆಯನ್ನು ನಾನು ಕಳೆದ ಕೆಲವು ವರ್ಷಗಳ ಹಿಂದೆ ಪತ್ರಿಕೆಯ ಕೊನೆಯ ಪುಟದಲ್ಲಿ, ಶ್ರದ್ಧಾಂಜಲಿಗಳ ಕೆಳಗೆ, ಭೂತಗನ್ನಡಿ ಹಿಡಿದು ಓದಿದೆ. ಹತ್ತಿರದಲ್ಲೇ ಘಟಕವೊಂದರ ವಿಸ್ತರಣೆ. ಎಂಟು-ಹತ್ತು ಜನ ಕೂಡಿ ಹೋದೆವು. ಕನ್ನಡ ಸಾರಾಂಶದಲ್ಲಿ ‘ಶೂನ್ಯ ದ್ರವ ವಿಸರ್ಜನೆ’ ಎಂಬ ಮಾತು ಪುಟಪುಟಕ್ಕೂ ಇತ್ತು. ವೇದಿಕೆಯ ಮೇಲಿನವರು ಅದನ್ನು ಮಂತ್ರದಂತೆ ನುಡಿಯುತ್ತಿದ್ದರು. ನಮ್ಮೂರ ಒಬ್ಬ ರೈತ ಎದ್ದುನಿಂತ.

“ಶೂನ್ಯ ಅಂದ್ರ ಹಳ್ಳಕ್ಕ ಒಂದು ಹನೀನೂ ಬರೂದಿಲ್ಲೇನ್ರಿ?”

“ಬರೂದಿಲ್ಲ.”

“ಹಂಗಾದ್ರ ಹಂಗs ಬರ್ಕೋರಿ. ನಾ ಕೇಳಿದ್ದೂ ಬರ್ಕೋರಿ, ನೀವು ಹೇಳಿದ್ದೂ ಬರ್ಕೋರಿ.”

ಸಭೆಯ ಕೊನೆಗೆ ನಡವಳಿಯನ್ನು ಜನರ ಭಾಷೆಯಲ್ಲಿ ಓದಿಹೇಳಬೇಕೆಂಬ ನಿಯಮವಿದೆ. ಬಹಳ ಜನ ಎದ್ದುಹೋಗಿದ್ದರು. ನಾನೂ ಆ ರೈತನೂ ಕುಳಿತೇ ಇದ್ದೆವು. ಅವನ ಪ್ರಶ್ನೆಯನ್ನು ಓದಿದರು, ಉತ್ತರವನ್ನೂ ಓದಿದರು. ಅವನು ಟೋಪಿ ಝಾಡಿಸಿಕೊಂಡು ಎದ್ದ. ಮನೆಗೆ ಬಂದಾಗ ಹೊತ್ತು ಮುಳುಗಿತ್ತು. ಕಟ್ಟೆಯ ಮೇಲೆ ಕುಳಿತಿದ್ದ ಆಯಿ ಏನಾಯಿತೆಂದು ಕೇಳಿದಳು. ಬರೆದುಕೊಂಡರು ಎಂದೆ.